ಲೂತಾ, ಜೇಡ ಮತ್ತು ಪಾಲನಧರ್ಮ

ಸಂಸ್ಕೃತ ನಿಘಂಟುಕಾರರು ಲೂತಾ, ತಂತುವಾಯ, ಊರ್ಣನಾಭ, ಮರ್ಕಟಕ ಎಂಬ ಶಬ್ದಗಳನ್ನು ಒಂದೇ ಜಂತುವಿಗೆ ಪರ್ಯಾಯಗಳನ್ನಾಗಿ ಹೇಳಿರುವರು. ಇವುಗಳಲ್ಲಿ ತಂತುವಾಯಶಬ್ದವು ನೆಯ್ಗೆಯವನಿಗೂ ಸಲ್ಲುವುದೆಂಬುದು ವಿದಿತವೇ ಆಗಿದೆ. ಕನ್ನಡದಲ್ಲಿಯೂ ಇದೇ ಸ್ಥಿತಿಯುಂಟು. ಜೇಡನೆಂದರೆ ಬಲೆ ಹೆಣೆಯುವ ಹುಳುವೂ ಅಹುದು, ಬಟ್ಟೆ ನೆಯ್ಯುವವನೂ ಅಹುದು. ಮುದನೂರಿನ ವಚನಕಾರನು ಜೇಡರ ದಾಸಿಮಯ್ಯನೆಂದು ಪ್ರಸಿದ್ಧನಾದುದು ನೆಯ್ಗೆಯ ಕಾಯಕದಿಂದ. ಹುಳುವಿನ ಹೆಸರು ಕಸುಬಿಗೆ ಬಂದಿತೋ, ಕಸುಬಿನ ಹೆಸರು ಹುಳುವಿಗೆ ಹೋಯಿತೋ, ಅದು ಬೇರೆ ವಿಚಾರ. ಎರಡು ಭಾಷೆಗಳ ಜನರೂ ಈ ಜಂತುವಿನಲ್ಲಿ ಮೊದಲು ಕಂಡುದು ವಿಷವನ್ನಲ್ಲ, ಕೆಲಸಗಾರಿಕೆಯನ್ನು ಎಂಬುದಿಷ್ಟೇ ಪ್ರಕೃತಕ್ಕೆ ಮುಖ್ಯವಾದುದು.

ವೇದಾಂತಿಗಳೂ ಇದನ್ನೇ ಕಂಡರು. ಮುಂಡಕೋಪನಿಷತ್ತು ಜಗತ್ತಿನ ಉತ್ಪತ್ತಿಲಯಗಳಿಗೆ ಊರ್ಣನಾಭಿಯನ್ನು ದೃಷ್ಟಾಂತವಾಗಿ ತೆಗೆದುಕೊಂಡಿತು. ಬಾಹ್ಯಸಾಧನವಿಲ್ಲದೆ ತನ್ನಿಂದಲೇ ನೂಲನ್ನು ಸೃಜಿಸುವ ಈ ಹುಳುವನ್ನು ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಸ್ಮರಿಸಿದರು. ಭಾಗವತದ ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಇದನ್ನೂ ಎಣಿಸಿದನು. ಶ್ರೀಕಾಳಹಸ್ತಿಯ ಸ್ಥಳಪುರಾಣದಲ್ಲಿ ಜೇಡ, ಸರ್ಪ, ಆನೆ ಈ ಮೂರೂ ಶಿವಭಕ್ತರಾಗಿ ಆ ಕ್ಷೇತ್ರದ ಹೆಸರನ್ನೇ ಪಡೆದಿರುವುವು.

ಹೀಗಿರಲು ಭಯವು ಎಲ್ಲಿಂದ ಬಂದಿತು? ಅದಕ್ಕೆ ಮುಖ್ಯವಾದ ಮೂಲವು ಆಯುರ್ವೇದ. ಸುಶ್ರುತಸಂಹಿತೆಯ ಕಲ್ಪಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಲೂತೆಗಳ ವಿಷಯವು ವಿಸ್ತಾರವಾಗಿ ಬಂದಿದೆ. ವಿಶ್ವಾಮಿತ್ರನಿಂದ ಕೋಪಗೊಂಡ ವಸಿಷ್ಠನ ಹಣೆಯ ಬೆವರು ಕೊಯ್ದ ಹುಲ್ಲಿನ ಮೇಲೆ ಬೀಳಲು, ಆ ಲೂನತೃಣದಿಂದ ಹುಟ್ಟಿದುವಾದ್ದರಿಂದ ಲೂತೆಗಳೆಂದು ಹೆಸರಾಯಿತೆಂಬುದು ಅಲ್ಲಿಯ ನಿರುಕ್ತಿ. ಅವು ಒಟ್ಟು ೧೬ ಬಗೆ. ತ್ರಿಮಂಡಲಾ, ಶ್ವೇತಾ, ಕಪಿಲಾ ಮೊದಲಾದ ಎಂಟರ ವಿಷವು ಕೃಚ್ಛ್ರಸಾಧ್ಯ; ಸೌವರ್ಣಿಕಾ, ಲಾಜವರ್ಣಾ, ಜಾಲಿನೀ ಮೊದಲಾದ ಎಂಟರದು ಅಸಾಧ್ಯ. ಲಾಲೆ, ನಖ, ಮೂತ್ರ, ದಂಷ್ಟ್ರೆ ಮುಂತಾಗಿ ಏಳು ಕಡೆಗಳಿಂದ ವಿಷವು ಹೊರಡುವುದೆಂದು ಹೇಳಿದೆ. ಆಗತಾನೆ ಮೊಳೆತ ಅಂಕುರವನ್ನು ನೋಡಿ ಮರದ ಜಾತಿಯನ್ನು ತಿಳಿಯಲಾಗದಂತೆ, ಮೊದಲ ದಿನದಲ್ಲಿ ಲೂತಾವಿಷವನ್ನು ಗುರುತಿಸಲಾಗದೆಂಬ ಉಪಮೆಯೂ ಅಲ್ಲಿಯೇ ಇದೆ.

ಈ ಪಟ್ಟಿಯಲ್ಲಿ ಈಗ ಟರಾಂಟುಲಾ ಎಂದು ಕರೆಯಲ್ಪಡುವ ರೋಮಶವಾದ ದೊಡ್ಡ ಜೇಡವನ್ನು ಗುರುತಿಸಬಹುದೇ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುವುದು. ಕೃಷ್ಣಾ, ಕಪಿಲಾ ಎಂಬ ವರ್ಣವಾಚಕಗಳನ್ನು ಹಿಡಿದು ಹಾಗೆ ಊಹಿಸಬಹುದಾದರೂ ಆ ಊಹೆಯು ನಿಲ್ಲಲಾರದು. ಸುಶ್ರುತದ ವಿಭಾಗವು ಜಂತುವಿನ ಆಕಾರವನ್ನು ಆಧರಿಸಿದುದಲ್ಲ. ರೋಗಿಯ ಮೈಮೇಲಿನ ಲಕ್ಷಣವನ್ನು ಆಧರಿಸಿದುದು. ವೈದ್ಯನ ಮುಂದೆ ಇದ್ದುದು ವ್ರಣ. ಹುಳುವು ಆಗಲೇ ಓಡಿಹೋಗಿತ್ತು. ಅದು ಚಿಕಿತ್ಸಾಗ್ರಂಥ, ಪ್ರಾಣಿಶಾಸ್ತ್ರವಲ್ಲ. ಜೇಡನ ವಿಷವು ಕೋರೆಗಳ ಮೂಲಕವೇ ಬರುವುದೆಂಬುದು ಇಂದು ನಿಶ್ಚಿತವಾಗಿದೆ. ಟರಾಂಟುಲಾ ಕಚ್ಚುವುದರಿಂದ ಮನುಷ್ಯರು ಸತ್ತ ನಿದರ್ಶನವು ಪ್ರಸಿದ್ಧವಿಲ್ಲ. ಆದರೆ ನಮ್ಮ ದೇಶದ ಮರವಾಸಿ ಜಾತಿಗಳ ಕಡಿತದಿಂದ ತೀವ್ರವಾದ ನೋವೂ ಸ್ನಾಯುಸೆಳೆತವೂ ಉಂಟಾಗುವುವು. ಆದುದರಿಂದ ಗ್ರಂಥವು ಹೇಳುವ ಎಚ್ಚರಿಕೆಯನ್ನು ಇಟ್ಟುಕೊಂಡು ಅಸಾಧ್ಯವೆಂಬ ಭಯವನ್ನು ಬಿಡುವುದು ಯುಕ್ತ.

ಟರಾಂಟುಲಾ ಎಂಬ ಹೆಸರಾದರೋ ಇಟಲಿಯ ಟಾರಾಂಟೋ ನಗರದಿಂದ ಬಂದುದು. ಅಲ್ಲಿಯ ಜೇಡವು ಬೇರೆಯ ಕುಲದ್ದು. ಅದು ಕಚ್ಚಿದವರು ಕುಣಿದೇ ಗುಣಹೊಂದಬೇಕೆಂಬ ನಂಬಿಕೆಯು ಆ ಪ್ರಾಂತದಲ್ಲಿತ್ತು. ಅನಂತರ ಅಮೆರಿಕದ ದೊಡ್ಡ ಜೇಡಗಳಿಗೆ ಈ ಹೆಸರು ಅಂಟಿಕೊಂಡಿತು. ೧೭೦೫ರಲ್ಲಿ ಮರಿಯಾ ಸಿಬಿಲ್ಲಾ ಮೇರಿಯನ್ ಎಂಬ ಚಿತ್ರಕಾರಳು ಸುರಿನಾಮಿನಲ್ಲಿ ಹಕ್ಕಿಯನ್ನು ತಿನ್ನುವ ಜೇಡವನ್ನು ಚಿತ್ರಿಸಿ ಪ್ರಕಟಿಸಿದಳು. ೧೭೫೮ರಲ್ಲಿ ಲಿನ್ನೇಯಸನು ಅಂತಹ ಜೇಡಕ್ಕೆ ಪಕ್ಷಿಸಂಬಂಧವಾದ ಹೆಸರನ್ನೇ ಇಟ್ಟನು.

ಭಾರತದ ಜಾತಿಗಳನ್ನು ಹೆಸರಿಟ್ಟು ವಿವರಿಸಿದವರಲ್ಲಿ ಲಂಡನ್ನಿನ ಪೋಕಾಕನು ಪ್ರಧಾನನು. ೧೯೦೦ರಲ್ಲಿ ಪ್ರಕಟವಾದ ಅವನ ಗ್ರಂಥವು ಇಂದಿಗೂ ಈ ವಿಷಯದಲ್ಲಿ ಆಧಾರಭೂತವಾಗಿದೆ. ಪೀಸಿಲೊಥೀರಿಯ ಎಂಬ ಮರವಾಸಿ ಕುಲದಲ್ಲಿ ೧೮೯೫ರಲ್ಲಿ ಅವನು ವರ್ಣಿಸಿದ ಸ್ಟ್ರಿಯೇಟಾ ಜಾತಿಗೆ ಸಾಕುವವರ ಲೋಕದಲ್ಲಿ ಮೈಸೂರಿನ ಹೆಸರೇ ರೂಢಿಯಾಗಿದೆ. ೧೮೯೯ರಲ್ಲಿ ಅವನು ವರ್ಣಿಸಿದ ಮೆಟಾಲಿಕಾ ಜಾತಿಯ ಚರಿತ್ರೆಯು ಇನ್ನೂ ವಿಚಾರಾರ್ಹವಾದುದು. ಬಳ್ಳಾರಿಗೆ ನೆರೆಯದಾದ ಅನಂತಪುರ ಜಿಲ್ಲೆಯಲ್ಲಿ, ವಿಜಯನಗರದ ಅರಸರಿಗೂ ಹೈದರಾಲಿಗೂ ದುರ್ಗವಾಗಿದ್ದ ಗುತ್ತಿಯಲ್ಲಿ, ರೈಲ್ವೆಯ ಮರದ ಅಂಗಳದೊಳಗೆ ನೀಲವರ್ಣದ ಒಂದೇ ಒಂದು ಜೇಡವು ಸಿಕ್ಕಿತು. ಮರದ ದಿಮ್ಮಿಗಳೊಡನೆ ಗಾಡಿಯಲ್ಲಿ ಬಂದಿರಬೇಕೆಂದು ವಿದ್ವಾಂಸರ ಮತ. ಅನಂತರ ೧೦೨ ವರ್ಷ ಅದರ ಸುಳಿವಿಲ್ಲ. ೨೦೦೧ರಲ್ಲಿ ನಂದ್ಯಾಲ ಗಿದ್ದಲೂರುಗಳ ನಡುವಣ ಪೂರ್ವಘಟ್ಟದ ಕಾಡಿನಲ್ಲಿ ಅದು ಮರಳಿ ಕಂಡಿತು. ಅದರ ನೆಲೆಯು ೧೦೦ ಚದರ ಕಿಲೋಮೀಟರಿಗಿಂತಲೂ ಕಡಿಮೆಯಾದುದರಿಂದ ೨೦೦೮ರಲ್ಲಿ ಅದನ್ನು ಅತ್ಯಂತ ಅಪಾಯಕ್ಕೊಳಗಾದ ಜೀವಿಗಳ ವರ್ಗಕ್ಕೆ ಸೇರಿಸಿದರು. ಇಷ್ಟರಲ್ಲಿ ಗುತ್ತಿಯ ಹೆಸರನ್ನು ಹೊತ್ತ ಈ ಜೇಡವು ಯೂರೋಪು ಅಮೆರಿಕಗಳ ಸಾಕುವವರ ಮನೆಗಳಲ್ಲಿ ಹೆಚ್ಚು ಪರಿಚಿತವಾಗಿದ್ದಿತು. ಗುತ್ತಿಯವರಿಗೆ ಮಾತ್ರ ಅದು ಅಪರಿಚಿತವಾಗಿಯೇ ಉಳಿಯಿತು.

ಸಾಕುವಿಕೆಯು ಜ್ಞಾನಕ್ಕೆ ಉಪಕರಿಸಿದೆಯೆಂಬುದನ್ನೂ ಒಪ್ಪಬೇಕು. ಅಮೆರಿಕದ ಅರ್ಕನ್ಸಾ ವಿಶ್ವವಿದ್ಯಾನಿಲಯದ ಬೇರ್ಗ್ ಎಂಬ ಪ್ರಾಧ್ಯಾಪಕನು ಈ ಜೇಡಗಳನ್ನು ದೀರ್ಘಕಾಲ ಸಾಕಿ ನೋಡಿದನು. ಹೆಣ್ಣು ೨೦ ವರ್ಷಗಳಿಗೂ ಮೀರಿ ಬದುಕಬಲ್ಲುದೆಂದೂ, ಗಂಡು ಪ್ರಾಯಕ್ಕೆ ಬಂದ ಮೇಲೆ ಬಹುಕಾಲ ಉಳಿಯದೆಂದೂ ಅವನ ಪರಿಶ್ರಮದಿಂದ ತಿಳಿದುಬಂದಿತು. ೧೯೫೮ರಲ್ಲಿ ಅವನ ಗ್ರಂಥವು ಹೊರಬಂದಿತು. ಆದರೆ ಜ್ಞಾನಾಪೇಕ್ಷೆಯ ಹಿಂದೆಯೇ ವ್ಯಾಪಾರವೂ ಬಂದಿತು. ೨೦೨೧ರ ಜುಲೈ ತಿಂಗಳಲ್ಲಿ ಪೋಲೆಂಡಿನಿಂದ ಅಂಚೆಯ ಮೂಲಕ ಬಂದ ಪೊಟ್ಟಣವೊಂದನ್ನು ಚೆನ್ನೈಯ ಸುಂಕದವರು ಬಿಚ್ಚಲು, ಬೆಳ್ಳಿಬಣ್ಣದ ಹಾಳೆಯಲ್ಲಿಯೂ ಹತ್ತಿಯಲ್ಲಿಯೂ ಸುತ್ತಿದ ಸಣ್ಣ ಶೀಶೆಗಳಲ್ಲಿ ೧೦೭ ಜೀವಂತ ಜೇಡಗಳು ದೊರೆತುವು. ಪೀಸಿಲೊಥೀರಿಯ ಕುಲವೆಲ್ಲವನ್ನೂ ೨೦೧೯ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿವ್ಯಾಪಾರದ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಗಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನಕ್ಕೆ ೨೦೨೨ರಲ್ಲಿ ತಿದ್ದುಪಡಿಯಾಗಿ, ಆ ಒಪ್ಪಂದದ ಪಟ್ಟಿಗೆ ಸೇರಿದ ಜೀವಿಗಳನ್ನು ಸಾಕುವವರು ಸರ್ಕಾರಕ್ಕೆ ತಿಳಿಸಿ ನೊಂದಾಯಿಸಬೇಕೆಂಬ ವಿಧಿಯು ಏರ್ಪಟ್ಟಿತು. ಅದರ ನಿಯಮಗಳು ೨೦೨೪ರಲ್ಲಿ ಪ್ರಕಟವಾದುವು.

ಈ ಚರಿತ್ರೆಗೂ ದಕ್ಷಿಣ ಬೆಂಗಳೂರಿಗೂ ಏನು ಸಂಬಂಧವೆಂದರೆ, ಹೇಳಬಹುದು. ೧೯೪೮ರಲ್ಲಿ ಶಂಕುಸ್ಥಾಪನೆಯಾದ ಜಯನಗರವೂ, ಅನಂತರ ಬೆಳೆದ ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳೂ ತೋಟ ಕೆರೆ ಹೊಲಗಳ ಮೇಲೆ ಎದ್ದುವು. ಹಿತ್ತಿಲಿಲ್ಲದ ಮಹಡಿಮನೆಗಳಲ್ಲಿ ಬೆಳೆದ ತರುಣರಿಗೆ ಒಂದು ಡಬ್ಬಿಯಷ್ಟು ಸ್ಥಳದಲ್ಲಿ ಜೀವಿಸುವ ಪ್ರಾಣಿಯ ಮೇಲೆ ಆಸೆ ಹುಟ್ಟುವುದು ಆಶ್ಚರ್ಯವಲ್ಲ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಈ ಊರಿನ ಹವೆಯೂ ಅನೇಕ ಜಾತಿಗಳಿಗೆ ಒಗ್ಗತಕ್ಕದ್ದೇ. ಶೀತದೇಶದವರಂತೆ ಬೆಚ್ಚಗಿಡುವ ಯಂತ್ರಗಳು ಇಲ್ಲಿ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಆದರೆ ಮೊದಲ ಬಾರಿಗೆ ಮರಿಯನ್ನು ಸಾಕುವವನು ಕಲಿಯಬೇಕಾದುದು ಮುಖ್ಯವಾಗಿ ಸುಮ್ಮನಿರುವ ವಿದ್ಯೆ. ಈ ವಿದ್ಯೆಯ ಗುರುಗಳು ದೂರದಲ್ಲಿಲ್ಲ. ಬನಶಂಕರಿಯಿಂದ ಹೊರಟ ಕನಕಪುರದ ರಸ್ತೆಯು ಟೀಪು ಸುಲ್ತಾನನ ಕಾಲದಿಂದ ಮೈಸೂರು ಸೀಮೆಯಲ್ಲಿ ಹಬ್ಬಿದ ರೇಷ್ಮೆಯ ನಾಡಿಗೇ ಹೋಗುವುದು. ಅಲ್ಲಿಯ ರೈತರು ಹುಳು ಪೊರೆ ಬಿಡುವ ಸಮಯವನ್ನು ಜ್ವರವೆಂದು ಕರೆಯುವರು. ಜ್ವರಕ್ಕೆ ಕುಳಿತ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ಅದನ್ನು ಮುಟ್ಟುವುದಿಲ್ಲ. ಜೇಡನ ಮರಿಗೂ ಇದೇ ನಿಯಮ. ಪೊರೆ ಬಿಡುವ ಮುನ್ನ ಅದು ಆಹಾರವನ್ನು ಒಲ್ಲದು. ಅನಂತರ ಬೆನ್ನಡಿಯಾಗಿ ಮಲಗುವುದು. ಹೊಸಬನು ಸತ್ತಿತೆಂದು ಬಗೆದು ಕಡ್ಡಿಯಿಂದ ಅಲುಗಿಸುವನು. ಮೆತ್ತಗಾಗಿರುವ ಮೈಗೆ ಅದೇ ಮೃತ್ಯುವಾಗಬಹುದು. ನಿಜವಾಗಿ ಸಾಯುವ ಜೇಡವು ಸಾಮಾನ್ಯವಾಗಿ ಕಾಲುಗಳನ್ನು ಕೆಳಗೆ ಮುದುರಿಕೊಳ್ಳುವುದು. ಪೊರೆ ಕಳಚಿದ ಮೇಲೆ ಕೋರೆಗಳು ಗಟ್ಟಿಯಾಗಿ ಕಪ್ಪಾಗುವವರೆಗೆ ಆಹಾರವನ್ನು ಕೊಡಬಾರದು. ತಿನ್ನದೆ ಬಿಟ್ಟ ಚಿಮ್ಮಂಡೆಯನ್ನು ಒಡನೆಯೇ ತೆಗೆಯಬೇಕು. ಇಲ್ಲವಾದರೆ ಅದೇ ಜೇಡವನ್ನು ಕಡಿದು ತಿಂದೀತು.

ಉಳಿದ ವಿಧಿಗಳೂ ಸರಳವಾದುವೇ. ಗಾಳಿಯಾಡುವ ಸಣ್ಣ ಪಾತ್ರೆ, ಅದರಲ್ಲಿ ಒಂದು ಬದಿಗೆ ತೇವವಿರುವ ತೆಂಗಿನ ನಾರಿನ ಪುಡಿ, ಮರವಾಸಿ ಜಾತಿಯಾದರೆ ನೆಟ್ಟಗೆ ನಿಲ್ಲಿಸಿದ ತೊಗಟೆ, ತನ್ನ ಹೊಟ್ಟೆಗಿಂತ ಸಣ್ಣದಾದ ಹುಳುವಿನ ಆಹಾರ, ಇಷ್ಟು ಸಾಕು. ನೇರವಾದ ಬಿಸಿಲು, ಸೊಳ್ಳೆಬತ್ತಿಯ ಹೊಗೆ, ಜಿರಲೆಯ ಔಷಧ, ಇರುವೆ, ಇವು ಶತ್ರುಗಳು. ಕೈಯಲ್ಲಿ ಹಿಡಿದು ಆಡಿಸುವುದು ಉಭಯರಿಗೂ ಅಹಿತ. ಸ್ವಲ್ಪ ಎತ್ತರದಿಂದ ಬಿದ್ದರೂ ಅದರ ಉದರವು ಒಡೆಯುವುದು. ಬೇಸರವಾಯಿತೆಂದು ಪರದೇಶದ ಜೇಡವನ್ನು ತುರಹಳ್ಳಿಯ ಕಾಡಿನಲ್ಲಿ ಬಿಟ್ಟುಬರುವುದಂತೂ ಎರಡು ಬಗೆಯ ದ್ರೋಹ, ಜೇಡಕ್ಕೂ ಕಾಡಿಗೂ.

ಪಾಲನಶಬ್ದಕ್ಕೆ ರಕ್ಷಣೆಯೇ ಮೂಲಾರ್ಥ, ಸ್ವಾಮ್ಯವಲ್ಲ. ಮೇಲಣ ಚರಿತ್ರೆಯಲ್ಲಿ ಜೇಡಕ್ಕೆ ಎರಡು ವಿಧವಾದ ಹಾನಿಯು ಕಂಡುಬರುತ್ತದೆ. ಭಯದಿಂದ ಅದನ್ನು ಕಂಡಲ್ಲಿ ಕೊಂದರು. ಆಸೆಯಿಂದ ಅದನ್ನು ಇದ್ದಲ್ಲಿಂದ ಕಿತ್ತರು. ಎರಡನೆಯದು ಪ್ರೀತಿಯ ವೇಷವನ್ನು ಧರಿಸಿರುವುದರಿಂದ ಹೆಚ್ಚು ವಿವೇಚನೀಯ. ಕಾಡಿನಿಂದ ತಂದ ಮರಿಯನ್ನು ಎಷ್ಟು ಶ್ರದ್ಧೆಯಿಂದ ಸಾಕಿದರೂ ಅದು ಅಪಹರಣವೇ. ಸಾಕಿದ ತಾಯಿಗೆ ಹುಟ್ಟಿ, ಶಾಸನಸಮ್ಮತವಾಗಿ ಬಂದ ಮರಿಯನ್ನು ಪಡೆದವನು ಇಪ್ಪತ್ತು ವರ್ಷಗಳ ಹೊಣೆಯನ್ನು ಹೊತ್ತಿರುವನೆಂದು ತಿಳಿಯಬೇಕು. ಈ ಹೊಣೆಯನ್ನು ಹೊರಲಾರದವನಿಗೆ ಮನೆಯ ಸೂರಿನ ಮೂಲೆಯಲ್ಲಿ ನೂಲು ತೆಗೆಯುತ್ತಿರುವ ಜೇಡವೇ ಸಾಲದೇ? ಅದಕ್ಕೆ ಡಬ್ಬಿಯೂ ಬೇಡ, ಆಹಾರವೂ ಬೇಡ. ಪೊರಕೆಯನ್ನು ತಡೆದರೆ ಸಾಕು.