ಹಳೆಯ ಟ್ರಕ್ಕಿಗೆ ಕಂಪನಿಯಿಂದಲೇ ಒಂದೂವರೆ ಪಟ್ಟು ಬೆಲೆ: ನಿಜವೇ? ಒಪ್ಪಬೇಕೇ?

ಮಾರಿದ ಗಾಡಿಯನ್ನು ಕಂಪನಿಯೇ ಹೆಚ್ಚು ಹಣ ಕೊಟ್ಟು ವಾಪಸ್ ಕೊಂಡಿತು ಎಂದರೆ ಸುಳ್ಳು ಫಾರ್ವರ್ಡ್ ಅನ್ನಿಸುತ್ತದೆ. ಆದರೆ ಇದು ನಿಜ. 2008ರಲ್ಲಿ ಅಮೆರಿಕದಲ್ಲಿ ಟೊಯೋಟಾ, 1995ರಿಂದ 2000ದವರೆಗಿನ ಟಕೋಮಾ ಪಿಕಪ್‌ಗಳ ಚಾಸಿಯ ತುಕ್ಕು ವಾರಂಟಿಯನ್ನು 15 ವರ್ಷಕ್ಕೆ ಏರಿಸಿತು. ತುಕ್ಕಿನಿಂದ ಚಾಸಿ ತೂತಾಗಿದ್ದರೆ, ಅದೇ ಗಾಡಿ ಅತ್ಯುತ್ತಮ ಸ್ಥಿತಿಯಲ್ಲಿದ್ದಾಗಿನ ಸೆಕೆಂಡ್‌ಹ್ಯಾಂಡ್ ಬೆಲೆಯ ಒಂದೂವರೆ ಪಟ್ಟು ಕೊಡಲು ಮುಂದಾಯಿತು. ಅಂದರೆ 6,000 ಡಾಲರ್ ಬೆಲೆಯ ಗಾಡಿಗೆ 9,000 ಡಾಲರ್.

ತುಕ್ಕು ಏಕೆ?
ಚಾಸಿಗೆ ತುಕ್ಕುನಿರೋಧಕ ಲೇಪನ ಸಾಕಷ್ಟಿರಲಿಲ್ಲ. ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ತುಕ್ಕನ್ನು ಇನ್ನಷ್ಟು ಬೇಗ ಹಬ್ಬಿಸಿತು.

ಎಂಜಿನ್ ಚೆನ್ನಾಗಿದ್ದರೆ ಇಟ್ಟುಕೊಳ್ಳಬಹುದೇ?
ಮಾಲೀಕರನ್ನು ಕಾಡಿದ್ದು ಇದೇ ಪ್ರಶ್ನೆ. ಎಂಜಿನ್, ಸಸ್ಪೆನ್ಷನ್, ಬಾಡಿ ಎಲ್ಲವೂ ಕೂತಿರುವುದು ಚಾಸಿಯ ಮೇಲೆ. ತುಕ್ಕು ಒಳಗಿನಿಂದಲೂ ತಿನ್ನುವುದರಿಂದ ಹೊರಗೆ ಕಾಣುವ ತೂತಿಗೆ ತೇಪೆ ಹಾಕಿದರೆ ಸಾಲದು. ಓಡುತ್ತಿರುವಾಗಲೇ ಚಾಸಿ ಮುರಿದರೆ ಜೀವಕ್ಕೇ ಅಪಾಯ.

ನಮ್ಮ ತೀರ್ಮಾನ
ಚಾಸಿ ತೂತಾಗಿದ್ದರೆ, ಗಾಡಿ ಎಷ್ಟೇ ಅಚ್ಚುಮೆಚ್ಚಿನದಾದರೂ ಹಣ ಪಡೆಯುವುದೇ ಜಾಣತನ. ಕಂಪನಿ ಹೊಸ ಚಾಸಿಯನ್ನೇ ಹಾಕಿಕೊಟ್ಟರೆ ಮಾತ್ರ ಇಟ್ಟುಕೊಳ್ಳುವ ಯೋಚನೆ ಮಾಡಬಹುದು. ಅಂದಹಾಗೆ, ಈ ಯೋಜನೆ ಇದ್ದದ್ದು ಕೆಲವು ಮಾದರಿಗಳಿಗೆ ಮಾತ್ರ. ಎಲ್ಲ ಹಳೆಯ ಗಾಡಿಗಳಿಗೂ ಸಿಗುತ್ತದೆ ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ.