ಒತ್ತು

ಎಣ್ಣೆ, ಬೆಣ್ಣೆ, ತುಪ್ಪ, ಜಿಡ್ಡು, ಕೊಬ್ಬು. ಅಡುಗೆಗೆ ಮೈ ತುಂಬಿಸುವ ಈ ಐದೂ ಮಾತುಗಳಿಗೆ ಒತ್ತು ಇದೆ. ಹಾಲಿಗಿಲ್ಲ, ಮೊಸರಿಗಿಲ್ಲ. ಕಡೆದು ಮಜ್ಜಿಗೆಯಾಯಿತೋ, ಒತ್ತು ಬಂತು. ಬೆಣ್ಣೆ ತೇಲಿತು, ಅದಕ್ಕೊಂದು. ಕಾಯಿಸಿ ತುಪ್ಪ ಮಾಡಿದರೆ ಅದಕ್ಕೂ ಒಂದು. ಇದನ್ನು ನನಗೆ ತೋರಿಸಿಕೊಟ್ಟವಳು ಅರವತ್ತು ದಾಟಿದ ಮೇಲೆ ಕನ್ನಡ ಟೈಪಿಂಗ್ ಕಲಿಯಲು ಕೂತ ಒಬ್ಬ ಗೆಳತಿ, ಮೈಸೂರಿನವಳು. ಅತ್ತೆಯಿಂದ ಕಲಿತ ಹಬ್ಬದಡುಗೆಗಳನ್ನೆಲ್ಲ ಮಕ್ಕಳಿಗಾಗಿ ತಾನೇ ಟೈಪ್ ಮಾಡಿಡಬೇಕೆಂದು ಅವಳ ಹಟ.

“ಅರ್ಧ ಅಡುಗೆಮನೆ ಒತ್ತಿನ ಮೇಲೇ ನಿಂತಿದೆ ಕಣೇ. ಅಕ್ಕಿ, ಬೆಲ್ಲ, ಎಳ್ಳು, ಉದ್ದು, ಕೊಬ್ಬರಿ, ಏಲಕ್ಕಿ... ಪ್ರತಿ ಸಾಮಾನಿಗೂ ಆ ಎಫ್ ಕೀ ಹುಡುಕ್ತಾ ಕೂತಿರ್ತೀನಿ” ಅಂದಳು.

ಅವಳು ಬಳಸುವುದು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ; ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಕಚೇರಿ, ಮನೆಗಳಿಗೆ ಹರಡಿದ್ದು ಅದೇ. ಅಲ್ಲಿ ಎಫ್ ಒತ್ತಿದರೆ ಮುಂದೆ ಬರುವ ವ್ಯಂಜನ ಹಿಂದಿನದರ ಕೆಳಗೆ ಹೋಗಿ ಕೂರುತ್ತದೆ. ಚಕ್ಕುಲಿ ಎಂದು ಬರೆಯಲು ಏಳು ಸಲ ಬೆರಳು ಊರಬೇಕು: ಚ, ಕ, ಎಫ್, ಕ, ಉಕಾರ, ಲ, ಇಕಾರ. ಯೂನಿಕೋಡ್‌ನಲ್ಲೂ ಲೆಕ್ಕ ಇಷ್ಟೇ. ಕ್ಕ ಎಂಬುದಕ್ಕೆ ಅಲ್ಲಿ ಬೇರೆ ಸಂಕೇತವಿಲ್ಲ. ಒಂದು ಕ, ಸ್ವರ ಕಳೆಯುವ ಒಂದು ಚಿಹ್ನೆ, ಮತ್ತೊಂದು ಕ. ಪರದೆಯ ಮೇಲೆ ಒಂದೇ ಅಕ್ಷರವಾಗಿ ಕಾಣುವುದರ ಒಳಗೆ ಈ ಮೂರೂ ಇರುತ್ತವೆ.

ಒತ್ತು ಬಿಟ್ಟುಹೋದರೆ? ಅವಳ ಮೊದಲ ಕರಡಿನಲ್ಲಿ ‘ಎರಡು ಚಮಚ ಬಿಸಿ ಬೆಣೆ ಹಾಕಿ’ ಎಂದಿತ್ತು. ಬಿರುಕಿಗೆ ಹೊಡೆಯುವ ಮರದ ತುಂಡು ಚಕ್ಕುಲಿ ಹಿಟ್ಟಿಗೆ ಬಿತ್ತು. ನಾವು ಬಹಳ ಹೊತ್ತು ನಕ್ಕೆವು. ಕನ್ನಡದಲ್ಲಿ ಒತ್ತು ಬಿಟ್ಟರೆ ಮಾತು ಸ್ವಲ್ಪ ಸಡಿಲಾಗಿ ಉಳಿಯುತ್ತದೆ ಎಂದುಕೊಳ್ಳಬಾರದು. ಅದು ಇನ್ನೊಂದೇ ಮಾತಾಗಿಬಿಡುತ್ತದೆ. ಎಣ್ಣೆ ಎಣೆಯಾಗುತ್ತದೆ, ಹಳ್ಳಿ ಹಳಿಯಾಗುತ್ತದೆ.

ಅಡುಗೆಮನೆಯಲ್ಲಿ ಒತ್ತು ಅಂದರೆ ಕೆಲಸವೂ ಹೌದು. ಅವಳ ಪಟ್ಟಿಯಲ್ಲಿ ಮೊದಲಿಗೆ ಬಂದದ್ದು ಒತ್ತು ಶ್ಯಾವಿಗೆ. ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ, ದಪ್ಪ ತಳದ ಪಾತ್ರೆಯಲ್ಲಿ ಗಂಟಾಗದಂತೆ ತೊಳಸಿ ಮುದ್ದೆ ಮಾಡಬೇಕು. ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಬೇಕು. ಬಿಸಿ ಆರುವ ಮೊದಲೇ ಶ್ಯಾವಿಗೆ ಒರಳಿಗೆ ಹಾಕಿ ಒತ್ತಬೇಕು. ಆರಿದ ಉಂಡೆ ಬಿಗಿದುಕೊಳ್ಳುತ್ತದೆ. ಎಷ್ಟು ಬಲ ಹಾಕಿದರೂ ಎಳೆ ಇಳಿಯದು. ಅದಕ್ಕೇ ಇದು ಒಬ್ಬರ ಕೆಲಸವಲ್ಲ. ಹಳೆಯ ಮರದ ಒರಳಾದರೆ ಒಬ್ಬರು ಹಿಡಿಯ ಮೇಲೆ ಮೈಭಾರ ಬಿಡಬೇಕು, ಇನ್ನೊಬ್ಬರು ಕೆಳಗೆ ತಟ್ಟೆ ತಿರುಗಿಸುತ್ತ ಎಳೆ ಹಿಡಿಯಬೇಕು. ಬೆಲ್ಲ, ಏಲಕ್ಕಿ ಬೆರೆತ ದಪ್ಪ ಕಾಯಿಹಾಲನ್ನು ಅದರ ಮೇಲೆ ಸುರಿದು ತಿನ್ನುವ ಸುಖಕ್ಕೆ ಸಾಟಿಯಿಲ್ಲ. ಮಲೆನಾಡಿನ ಮನೆಗಳಲ್ಲಿ ಇದಕ್ಕೆ ಕೋಳಿಸಾರು. ಕೊಡಗಿನಲ್ಲಿ ಇದೇ ನೂಪುಟ್ಟು.

ಚಕ್ಕುಲಿಯ ಒತ್ತೇ ಬೇರೆ. ಅಲ್ಲಿ ಬಲಕ್ಕಿಂತ ಜಿಡ್ಡಿನ ಅಳತೆ ಮುಖ್ಯ. ಬೆಣ್ಣೆ ಕಡಿಮೆಯಾದರೆ ಹಲ್ಲಿಗೆ ಕಲ್ಲು. ಹೆಚ್ಚಾದರೆ ಒತ್ತುವಾಗ ಸಲೀಸಾಗಿ ಇಳಿದು, ಕಾದ ಎಣ್ಣೆಗೆ ಬಿದ್ದೊಡನೆ ಎಳೆ ಬಿಟ್ಟು ಚೆದುರಿಹೋಗುತ್ತದೆ.

ಒತ್ತುವ ಮಾತು ಇಲ್ಲಿಗೆ ಬಂದಾಗ ಧಾರವಾಡದ ಇನ್ನೊಬ್ಬ ಗೆಳತಿ ತಡೆದಳು. “ನಮ್ಮ ಕಡೆ ಶಾವಿಗಿ ಒತ್ತೂದಿಲ್ಲವಾ, ಹೊಸೀತೀವಿ.” ಹಿಟ್ಟನ್ನು ಮಣೆಯ ಮೇಲೆ ಅಂಗೈಯಲ್ಲಿ ತೀಡುತ್ತ ಎಳೆ ತೆಗೆದು ಬಿಸಿಲಿಗೆ ಹರವುವುದು ಅವರ ಪದ್ಧತಿ. ತೆಂಕಣದವರು ಒತ್ತಿದ್ದನ್ನು ಬಡಗಣದವರು ಹೊಸೆದರು. ಕೈ ಆಡುವ ರೀತಿ ಬದಲಾದಲ್ಲಿ ಕ್ರಿಯಾಪದವೂ ಬದಲಾಗಿದೆ. ಊರೂರಿನ ಕೈಚಳಕವನ್ನು ಇಷ್ಟು ನಿಖರವಾಗಿ ಕಾಪಾಡುವ ಭಾಷೆಯ ಬಗ್ಗೆ ನನಗೆ ಹೆಮ್ಮೆ.

ಈ ಗೆಳತಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು, ಟೈಪ್‌ರೈಟರ್ ಕಾಲದ ಕೈ. ಕಿರುಬೆರಳಿಗೂ ಕಸುವು ಬೇಕಾದ ಆ ಯಂತ್ರದ ರೂಢಿ ಅವಳನ್ನು ಇನ್ನೂ ಬಿಟ್ಟಿಲ್ಲ. ಲ್ಯಾಪ್‌ಟಾಪ್ ಮುಟ್ಟಿದರೆ ಅಕ್ಷರ ಮೂರು ಮೂರು ಸಲ ಬೀಳುತ್ತದೆ. ಅವಳನ್ನು ನಿಜಕ್ಕೂ ಕಾಡಿದ್ದು ಅರ್ಕಾವೊತ್ತು. ಕರ್ಜಿಕಾಯಿ ಎಂದು ಕೈಯಲ್ಲಿ ಬರೆಯುವಾಗ ಜಿ ಬರೆದು ಆಮೇಲೆ ಪಕ್ಕಕ್ಕೆ ಆ ಕೊಂಡಿ ಹಾಕುತ್ತೇವೆ. ಟೈಪ್‌ರೈಟರ್‌ನಲ್ಲೂ ಹಾಗೆಯೇ, ಕಣ್ಣಿಗೆ ಕಾಣುವ ಕ್ರಮ. ಈಗಿನ ಕೀಲಿಮಣೆ ಕಿವಿಯ ಕ್ರಮ ಕೇಳುತ್ತದೆ: ಮೊದಲು ರ, ಆಮೇಲೆ ಎಫ್, ಆಮೇಲೆ ಜ. “ಬಾಯಾಗ ಹೆಂಗ ಬರತದೋ ಹಂಗ ಬಡೀಬೇಕು ಅನ್ರಿ ಹಂಗಾರ” ಎಂದು ಅವಳೇ ಸೂತ್ರ ಕಟ್ಟಿಕೊಂಡಳು. ಇದಕ್ಕಿಂತ ಚೆನ್ನಾಗಿ ಯಾವ ಕೈಪಿಡಿಯೂ ಹೇಳಲಾರದು.

ಒತ್ತು ಎಂಬ ಮಾತು ಇಷ್ಟಕ್ಕೇ ನಿಲ್ಲುವುದಿಲ್ಲ. ದಣಿದವರ ಕಾಲು ಒತ್ತುತ್ತೇವೆ. ಅಕ್ಷರ ಬಾರದವರು ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಪ್ರಸಾದದ ಹೂವನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ. ಪಕ್ಕದ ಹೊಲದ ಬದು ಸರಿಸಿದರೆ ಒತ್ತುವರಿ. ಒತ್ತಡ, ಒತ್ತಾಯಗಳು ಪತ್ರಿಕೆಗಳಲ್ಲಿ ದಿನವೂ ಸಿಗುತ್ತವೆ. ಒತ್ತಾಸೆ ಮಾತ್ರ ಮಾತಿನಲ್ಲಿ ಅಪರೂಪವಾಗುತ್ತಿದೆ. ಬಿದ್ದವರ ಬೆನ್ನಿಗೆ ನಿಲ್ಲುವುದಕ್ಕೆ ಅದಕ್ಕಿಂತ ಆಪ್ತವಾದ ಮಾತು ನನಗೆ ಗೊತ್ತಿಲ್ಲ; ನಾವೆಲ್ಲ ಅದನ್ನು ಮತ್ತೆ ಬಳಸಬೇಕು.

ಶಾಲೆಯಲ್ಲಿ ಕಾಗುಣಿತ ಮುಗಿದ ಮೇಲೆ ಒತ್ತಕ್ಷರ. ಎಳೆಯ ಕೈಗೆ ಅದು ಸರಿ, ಏಕೆಂದರೆ ತ, ನ, ಮ, ಯ, ರ, ಲಗಳ ಒತ್ತಿಗೆ ಮೂಲ ಅಕ್ಷರದ ರೂಪವೇ ಇಲ್ಲ, ಬೇರೆಯೇ ಕಲಿಯಬೇಕು. ಟೈಪಿಂಗ್ ಕಲಿಯುವ ದೊಡ್ಡವರಿಗೆ ಆ ತೊಡಕಿಲ್ಲ, ರೂಪದ ಚಿಂತೆ ಯಂತ್ರದ್ದು. ಅವರಿಗೆ ಮೊದಲ ದಿನವೇ ಒತ್ತು ಹೇಳಿಕೊಡಬೇಕು. ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ, ಅತ್ತೆ: ಮನೆಯ ಜನರನ್ನು ಕರೆಯಬೇಕಾದರೂ ಎಫ್ ಬೇಕು. ಅದನ್ನು ಕೊನೆಯ ಪಾಠಕ್ಕೆ ಉಳಿಸಿದರೆ ಕಲಿಯುವವರು ಅಲ್ಲಿಯವರೆಗೆ ಬರೆಯುವುದಾದರೂ ಏನನ್ನು?

ಈಗ ಚಕ್ಕುಲಿಯ ಪುಟ ಮುಗಿದಿದೆ. ಮುಂದಿನದರ ತಲೆಬರಹಕ್ಕೆ ಇಬ್ಬರಲ್ಲೂ ಜಗಳ. “ಹೋಳಿಗಿ ಅಂತ ಬರಿ, ಒಂದೂ ಒತ್ತಿಲ್ಲ, ಸಲೀಸು” ಎನ್ನುವುದು ಧಾರವಾಡದವಳ ಸಲಹೆ. ಮೈಸೂರಿನವಳು ಕೇಳುವಂತಿಲ್ಲ. “ಎಫ್ ಎರಡು ಸಲ ಒತ್ತಿದರೂ ಸರಿ, ನಮ್ಮನೇಲಿ ಅದು ಒಬ್ಬಟ್ಟೇ.”