ಜೇಮ್ಸ್ ಬಾಲ್ಡ್ವಿನ್: ಯಾರ ಗುಂಪಿಗೂ ಪೂರ್ತಿ ಸೇರದ ಬಂಡಾಯಗಾರ

ಒಬ್ಬ ಸಾಹಿತಿಯ ಬಗ್ಗೆ ಎಫ್‌ಬಿಐ ಕೂಡಿಹಾಕಿದ ಕಡತ 1,884 ಪುಟ! ಆ ಸಾಹಿತಿಯ ಹತ್ತಿರ ಬಂದೂಕು ಇರಲಿಲ್ಲ, ಪಕ್ಷ ಇರಲಿಲ್ಲ. ಇದ್ದದ್ದು ಟೈಪ್‌ರೈಟರ್ ಮಾತ್ರ.

ಜೇಮ್ಸ್ ಬಾಲ್ಡ್ವಿನ್ ಹುಟ್ಟಿದ್ದು 1924ರ ಆಗಸ್ಟ್ 2ರಂದು, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಒಂಬತ್ತು ಮಕ್ಕಳಲ್ಲಿ ಹಿರಿಯರು, ಮನೆಯಲ್ಲಿ ಕಡುಬಡತನ. ಮಲತಂದೆ ಚರ್ಚಿನ ಬೋಧಕ. 14ನೇ ವಯಸ್ಸಿಗೆ ಬಾಲ್ಡ್ವಿನ್ ಕೂಡ ಬೋಧಕರಾದರು, ಮೂರೇ ವರ್ಷಕ್ಕೆ ಬಿಟ್ಟರು. ಆದರೆ ಬೋಧನೆಯ ಆ ಲಯ ಅವರ ಗದ್ಯದಿಂದ ಕೊನೆತನಕ ಹೋಗಲಿಲ್ಲ.

ವರ್ಣಭೇದ ಉಸಿರುಗಟ್ಟಿಸಿದಾಗ, 1948ರಲ್ಲಿ 40 ಡಾಲರ್ ಇಟ್ಟುಕೊಂಡು ಪ್ಯಾರಿಸ್‌ಗೆ ಹೋದರು. ಮೊದಲ ಕಾದಂಬರಿ 'ಗೋ ಟೆಲ್ ಇಟ್ ಆನ್ ದ ಮೌಂಟನ್' 1953ರಲ್ಲಿ ಬಂತು. ಕಪ್ಪು ಜನರ ಕತೆ ಹೇಳುವವರು ಎಂಬ ಹೆಸರು ಸಿಕ್ಕಿತು. ಅದನ್ನೇ ಮುಂದುವರಿಸಿದ್ದರೆ ಬದುಕು ಸಲೀಸಾಗಿರುತ್ತಿತ್ತು. ಅವರು ಬರೆದದ್ದು 'ಜಿಯೊವಾನಿಸ್ ರೂಮ್': ಬಿಳಿ ಪಾತ್ರಗಳು, ಇಬ್ಬರು ಗಂಡಸರ ಪ್ರೇಮ. ಹಿಂದಿನ ಪ್ರಕಾಶಕರು ಕೈಬಿಟ್ಟರು. 1956ರಲ್ಲಿ ಅದು ಬೇರೆ ಕಡೆಯಿಂದ ಪ್ರಕಟವಾಯಿತು.

ದೂರದಲ್ಲಿ ಕೂತು ಬರೆದರೆ ಸಾಲದು ಅನ್ನಿಸಿ, 1957ರಲ್ಲಿ ಅಮೆರಿಕಕ್ಕೆ ಮರಳಿ ದಕ್ಷಿಣದ ರಾಜ್ಯಗಳಲ್ಲಿ ಓಡಾಡಿದರು. 'ದ ಫೈರ್ ನೆಕ್ಸ್ಟ್ ಟೈಮ್' ಬಂದ 1963ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವರಿದ್ದರು. ಅದೇ ವರ್ಷದ ವಾಷಿಂಗ್ಟನ್ ಮೆರವಣಿಗೆಯಲ್ಲೂ ಇದ್ದರು. ಭಾಷಣಕಾರರ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ.

ನನಗೆ ಬಾಲ್ಡ್ವಿನ್ ಸಿಕ್ಕಿದ್ದು ಯೂಟ್ಯೂಬಿನಲ್ಲಿ. 1965ರ ಫೆಬ್ರವರಿ, ಕೇಂಬ್ರಿಜ್ ಯೂನಿಯನ್. ಅಮೆರಿಕದ ಕನಸು ಕಪ್ಪು ಜನರನ್ನು ಬಲಿಕೊಟ್ಟು ಕಟ್ಟಿದ್ದೇ ಎಂಬ ಚರ್ಚೆ. ಎದುರಿಗೆ ಬಲಪಂಥೀಯ ಚಿಂತಕ ವಿಲಿಯಂ ಬಕ್ಲಿ. ಬಾಲ್ಡ್ವಿನ್ ಕಿರುಚಲಿಲ್ಲ, ಗೇಲಿ ಮಾಡಲಿಲ್ಲ. ಮತ ಎಣಿಸಿದಾಗ 544–164. ಗೆದ್ದದ್ದು ಬಾಲ್ಡ್ವಿನ್ ಪಕ್ಷ.

ಆಮೇಲಿನ ಹೊಡೆತ ಬಂದದ್ದು ತಮ್ಮವರಿಂದಲೇ. ಬ್ಲ್ಯಾಕ್ ಪ್ಯಾಂಥರ್ ನಾಯಕ ಎಲ್ಡ್ರಿಜ್ ಕ್ಲೀವರ್ 1968ರ ತನ್ನ ಪುಸ್ತಕದಲ್ಲಿ ಬಾಲ್ಡ್ವಿನ್ ಅವರ ಸಲಿಂಗಪ್ರೇಮವನ್ನೇ ಹಿಡಿದು ಹೀಯಾಳಿಸಿದ. ಬಾಲ್ಡ್ವಿನ್ ಚಳವಳಿ ಬಿಡಲಿಲ್ಲ, ತಮ್ಮತನವನ್ನೂ ಬಿಡಲಿಲ್ಲ.

1987ರ ಡಿಸೆಂಬರ್ 1ರಂದು ಫ್ರಾನ್ಸಿನಲ್ಲಿ ತೀರಿಕೊಂಡರು. ಮೆಡ್ಗರ್ ಎವರ್ಸ್, ಮಾಲ್ಕಮ್ ಎಕ್ಸ್, ಮಾರ್ಟಿನ್ ಲೂಥರ್ ಕಿಂಗ್, ಕೊಲೆಯಾದ ಈ ಮೂವರು ಗೆಳೆಯರ ಬಗ್ಗೆ ಬರೆಯುತ್ತಿದ್ದ ಪುಸ್ತಕ ಅರ್ಧಕ್ಕೇ ನಿಂತಿತ್ತು. ಅದರಿಂದಲೇ 2016ರಲ್ಲಿ ರಾವುಲ್ ಪೆಕ್ 'ಐ ಆ್ಯಮ್ ನಾಟ್ ಯುವರ್ ನೀಗ್ರೋ' ಸಾಕ್ಷ್ಯಚಿತ್ರ ಮಾಡಿದರು.

ಇವತ್ತು ಬಾಲ್ಡ್ವಿನ್ ಮಾತುಗಳು ಸ್ಟೇಟಸ್‌ಗಳಲ್ಲಿ ಓಡಾಡುತ್ತವೆ. ಹಾಕಿಕೊಳ್ಳೋಣ, ತಪ್ಪಿಲ್ಲ. ಆದರೆ ಎದುರಾಳಿಯನ್ನು ಪ್ರಶ್ನಿಸುವುದು ಸುಲಭ. ನಮ್ಮದೇ ಗುಂಪು ಇನ್ನೊಬ್ಬರನ್ನು ಹೊರಗಿಟ್ಟಾಗ ಬಾಯಿ ಬಿಡುತ್ತೇವಾ? ಬಾಲ್ಡ್ವಿನ್ ಓದಿದಾಗೆಲ್ಲ ನನ್ನನ್ನು ಕಾಡುವುದು ಇದೇ.